ರಕ್ತದ ಚೀಲದ ಮೇಲಿನ ಪುಟ್ಟ ಚೀಟಿ

"ನಾಳೆ ಆಪರೇಷನ್. ಎರಡು ಬಾಟಲಿ ರಕ್ತ ಹೊಂದಿಸಿಕೊಳ್ಳಿ." ಆಸ್ಪತ್ರೆಯ ವರಾಂಡದಲ್ಲಿ ನಿಂತು ಈ ಮಾತು ಕೇಳಿಸಿಕೊಂಡವರಿಗೆ ಅದರ ಹಿಂದಿನ ಓಡಾಟ ಚೆನ್ನಾಗಿ ಗೊತ್ತು. ಯಾರ ರಕ್ತದ ಗುಂಪು ಯಾವುದು, ಯಾರು ಊರಲ್ಲಿದ್ದಾರೆ, ಯಾರನ್ನು ಕೇಳಿದರೆ ಇಲ್ಲವೆನ್ನುವುದಿಲ್ಲ ಎಂದು ಮನೆಮಂದಿಯೆಲ್ಲ ತಡಬಡಾಯಿಸುತ್ತಾರೆ. ಕೊನೆಗೆ ರಕ್ತ ಸಿಕ್ಕಿ, ಚೀಲ ಕೊಕ್ಕೆಗೆ ಏರಿ, ಹನಿಹನಿಯಾಗಿ ಇಳಿಯತೊಡಗಿದಾಗ ಎಲ್ಲರೂ ಸಮಾಧಾನದ ಉಸಿರು ಬಿಡುತ್ತಾರೆ. ಗಾಜಿನ ಬಾಟಲಿ ಹೋಗಿ ಪ್ಲಾಸ್ಟಿಕ್ ಚೀಲ ಬಂದು ಎಷ್ಟೋ ವರ್ಷಗಳಾದವು. ನಮ್ಮ ಬಾಯಲ್ಲಿ ಮಾತ್ರ ಅದು ಇನ್ನೂ ಬಾಟಲಿಯೇ.

ಆ ಚೀಲದ ಮೇಲೊಂದು ಚೀಟಿ ಅಂಟಿಸಿರುತ್ತಾರೆ. ಗುಂಪಿನ ಹೆಸರು ದೊಡ್ಡ ಅಕ್ಷರದಲ್ಲಿದ್ದರೆ, ಉಳಿದ ಪರೀಕ್ಷೆಗಳ ಫಲಿತಾಂಶ ಸಣ್ಣ ಅಕ್ಷರಗಳಲ್ಲಿರುತ್ತದೆ. ಅವುಗಳಲ್ಲಿ 'ಎಚ್.ಸಿ.ವಿ.' ಎಂಬುದೂ ಒಂದು. ಹೆಪಟೈಟಿಸ್ ಸಿ ವೈರಸ್ ಎಂಬುದರ ಹ್ರಸ್ವರೂಪ ಅದು. ಅದರ ಮುಂದೆ 'ನೆಗೆಟಿವ್' ಎಂದಿದೆಯೇ ಎಂದು ನೋಡುವ ವ್ಯವಧಾನ ಆ ಹೊತ್ತಿನಲ್ಲಿ ಯಾರಿಗಿರುತ್ತದೆ? ಆದರೆ ಆ ಒಂದು ಪದ ಅಲ್ಲಿ ಬಂದು ಕೂರಲು ಒಬ್ಬ ವೈದ್ಯ ತನ್ನ ಜೀವನದ ಬಹುಭಾಗವನ್ನೇ ತೆತ್ತಿದ್ದಾನೆ. ಅವರ ಹೆಸರು ಹಾರ್ವೆ ಆಲ್ಟರ್. 2020ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಪಡೆದ ಮೂವರಲ್ಲಿ ಒಬ್ಬರು. ಅವರ ಕಾರ್ಯಕ್ಷೇತ್ರ, ಎಂ.ಬಿ.ಬಿ.ಎಸ್. ಮುಗಿಸಿದ ಮಕ್ಕಳು ಆರಿಸಿಕೊಳ್ಳುತ್ತೇನೆಂದರೆ ಎಷ್ಟೋ ತಂದೆತಾಯಂದಿರು ಹುಬ್ಬು ಗಂಟಿಕ್ಕುವಂಥದು: ರಕ್ತನಿಧಿ.

"ಇಷ್ಟು ಓದಿ ಬ್ಲಡ್ ಬ್ಯಾಂಕಿನಲ್ಲಿ ಕೂರುವುದೇ?" ಎಂಬ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಸಾಲ ಮಾಡಿ, ಒಡವೆ ಅಡವಿಟ್ಟು ಓದಿಸಿದವರಿಗೆ ಮಗ ಸರ್ಜನ್ ಆಗಲಿ, ಮಗಳು ನರ್ಸಿಂಗ್ ಹೋಮ್ ತೆರೆಯಲಿ ಎಂಬ ಆಸೆ ಸಹಜ. ಆ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಆಲ್ಟರ್ ಅವರ ಕಥೆಯನ್ನೊಮ್ಮೆ ನೋಡೋಣ.

ಗುಂಪು ಕೂಡಿದರೆ ಸಾಲದು

ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಕೊಡಬಹುದು ಎಂಬ ಯೋಚನೆ ಹಳೆಯದೇ. ಆದರೆ ಕೆಲವರು ಬದುಕುತ್ತಿದ್ದರು, ಕೆಲವರು ರಕ್ತ ಏರಿಸುತ್ತಿದ್ದಂತೆಯೇ ಸಾಯುತ್ತಿದ್ದರು. ಏಕೆಂಬುದಕ್ಕೆ ಉತ್ತರ ಕೊಟ್ಟವರು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್. ಮನುಷ್ಯರ ರಕ್ತದಲ್ಲಿ ಗುಂಪುಗಳಿವೆ, ಕೂಡದ ಗುಂಪುಗಳು ಬೆರೆತರೆ ಕಣಗಳು ಮುದ್ದೆಗಟ್ಟುತ್ತವೆ ಎಂದು ಅವರು 1901ರಲ್ಲಿ ತೋರಿಸಿದರು. 1930ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ಜನ್ಮದಿನವಾದ ಜೂನ್ 14ನ್ನೇ ಇಂದು ವಿಶ್ವ ರಕ್ತದಾನಿಗಳ ದಿನವೆಂದು ಆಚರಿಸುತ್ತಾರೆ. ಸಿಟ್ರೇಟ್ ಬೆರೆಸಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ ಎಂಬುದು 1914ರ ಹೊತ್ತಿಗೆ ತಿಳಿಯಿತು. 1937ರಲ್ಲಿ ಶಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯ ಬರ್ನಾರ್ಡ್ ಫ್ಯಾಂಟಸ್ ರಕ್ತ ಕೂಡಿಡುವ ಏರ್ಪಾಡು ಮಾಡಿ ಅದಕ್ಕೆ 'ಬ್ಲಡ್ ಬ್ಯಾಂಕ್' ಎಂದು ಹೆಸರಿಟ್ಟರು.

ಗುಂಪು ಕೂಡಿತು, ರಕ್ತ ಕೆಡದೆ ಉಳಿಯಿತು. ಇನ್ನೇನು ಭಯವಿಲ್ಲ ಎಂದುಕೊಂಡಾಗಲೇ ಹೊಸದೊಂದು ತೊಡಕು ಕಾಣಿಸಿತು. ರಕ್ತ ಪಡೆದು ಗುಣವಾಗಿ ಮನೆಗೆ ಹೋದ ರೋಗಿಗಳಲ್ಲಿ ಕೆಲವರು ಒಂದೆರಡು ತಿಂಗಳಾದ ಮೇಲೆ ಕಣ್ಣು ಹಳದಿಯಾಗಿ ಮರಳಿ ಬರುತ್ತಿದ್ದರು. ನಾವು ಕಾಮಾಲೆ ಎನ್ನುತ್ತೇವಲ್ಲ, ಅದು. ಯಕೃತ್ತಿನ ಉರಿಯೂತವಾದ ಹೆಪಟೈಟಿಸ್‌ನ ಲಕ್ಷಣ. ಜೀವ ಉಳಿಸಿದ ರಕ್ತವೇ ರೋಗವನ್ನೂ ಹೊತ್ತು ತಂದಿತ್ತು. ಆ ರೋಗಾಣು ಯಾವುದೆಂದು ಯಾರಿಗೂ ತಿಳಿದಿರಲಿಲ್ಲ.

ಲೋಳೆಯಲ್ಲಿ ಮೂಡಿದ ಕೆಂಪು ಗೆರೆ

ಹಾರ್ವೆ ಆಲ್ಟರ್ ಹುಟ್ಟಿದ್ದು 1935ರಲ್ಲಿ, ನ್ಯೂಯಾರ್ಕ್ ನಗರದಲ್ಲಿ. ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ವೈದ್ಯಕೀಯ ಪದವಿ ಪಡೆದರು. ಮರುವರ್ಷ ವಾಷಿಂಗ್ಟನ್ ಪಕ್ಕದ ಬೆಥೆಸ್ಡಾದಲ್ಲಿರುವ ಅಮೆರಿಕ ಸರ್ಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ (ಎನ್.ಐ.ಎಚ್.) ಕಿರಿಯ ಸಂಶೋಧಕರಾಗಿ ಸೇರಿದರು. ಅವರ ಕೆಲಸ ಅಲ್ಲಿಯ ರಕ್ತನಿಧಿಯಲ್ಲಿ.

ಅವರಿಗೆ ಹೆಪಟೈಟಿಸ್ ಹಿಂದೆ ಬೀಳುವ ಉದ್ದೇಶವೇ ಆಗ ಇರಲಿಲ್ಲ. ರಕ್ತ ಪಡೆದ ಕೆಲವರಿಗೆ ಜ್ವರ, ನಡುಕ ಬರುವುದೇಕೆ ಎಂಬುದು ಅವರ ಪ್ರಶ್ನೆ. ಬೇರೆಯವರ ರಕ್ತದಲ್ಲಿರುವ ಯಾವುದೋ ಪ್ರೋಟೀನಿಗೆ ರೋಗಿಯ ದೇಹ ಪ್ರತಿಕಾಯ ತಯಾರಿಸುತ್ತಿರಬಹುದೇ? ಇದನ್ನು ನೋಡಲು ಅವರು ಬಳಸಿದ್ದು ಬಹಳ ಸರಳವಾದ ವಿಧಾನ. ನಮ್ಮ ಅಡುಗೆಮನೆಯಲ್ಲಿ ಚೈನಾ ಗ್ರಾಸ್ ಎಂದು ಕರೆದು ಸಿಹಿ ಮಾಡಲು ಬಳಸುವ ಅಗರ್ ಇದೆಯಲ್ಲ, ಅದರದೇ ತೆಳುವಾದ ಪದರ ಮಾಡಿ, ಅದರಲ್ಲಿ ಪುಟ್ಟ ಗುಳಿಗಳನ್ನು ಕೊರೆಯುತ್ತಾರೆ. ಒಂದು ಗುಳಿಗೆ ರೋಗಿಯ ಸೀರಮ್, ಸುತ್ತಲಿನ ಗುಳಿಗಳಿಗೆ ಬೇರೆಬೇರೆಯವರ ಸೀರಮ್. ಎರಡೂ ಲೋಳೆಯಲ್ಲಿ ಮೆಲ್ಲಗೆ ಹರಡುತ್ತಾ ಬರುತ್ತವೆ. ಒಂದರಲ್ಲಿರುವ ಪ್ರತಿಕಾಯಕ್ಕೆ ಇನ್ನೊಂದರಲ್ಲಿರುವ ಪ್ರತಿಜನಕ ಎದುರಾದರೆ ಅಲ್ಲೊಂದು ಗೆರೆ ಮೂಡುತ್ತದೆ. ಎದುರಾಗದಿದ್ದರೆ ಏನೂ ಇಲ್ಲ.

ಇದೇ ಸಂಸ್ಥೆಯಲ್ಲಿ ಬರೂಕ್ ಬ್ಲೂಂಬರ್ಗ್ ಎಂಬ ಹಿರಿಯ ವಿಜ್ಞಾನಿ ಇದೇ ವಿಧಾನದಿಂದ ಬೇರೊಂದು ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದರು. ಪ್ರಪಂಚದ ನಾನಾ ಭಾಗದ ಜನರ ಸೀರಮ್ ಅವರ ಸಂಗ್ರಹದಲ್ಲಿತ್ತು. ಇಬ್ಬರೂ ಕೂಡಿ ಕೆಲಸ ಮಾಡತೊಡಗಿದರು. 1963ರ ಸುಮಾರಿಗೆ ಒಂದು ದಿನ, ಹಲವು ಬಾರಿ ರಕ್ತ ಪಡೆದಿದ್ದ ಒಬ್ಬ ಕುಸುಮರೋಗಿಯ ಸೀರಮ್ಮಿಗೂ ಆಸ್ಟ್ರೇಲಿಯಾದ ಒಬ್ಬ ಮೂಲನಿವಾಸಿಯ ಸೀರಮ್ಮಿಗೂ ನಡುವೆ ಗೆರೆ ಮೂಡಿತು. ಬ್ಲೂಂಬರ್ಗ್ ಹುಡುಕುತ್ತಿದ್ದುದು ಕೊಬ್ಬಿನಂಶವುಳ್ಳ ಪ್ರೋಟೀನುಗಳನ್ನು. ಈ ಗೆರೆ ಕೊಬ್ಬಿನ ಬಣ್ಣವನ್ನು ಅಷ್ಟಾಗಿ ಹಿಡಿಯಲಿಲ್ಲ, ಪ್ರೋಟೀನಿಗೆ ಹಾಕುವ ಕೆಂಪು ಬಣ್ಣವನ್ನು ಹಿಡಿಯಿತು. ಹಾಗಾಗಿ ಅದನ್ನು ಮೊದಲು 'ಕೆಂಪು ಪ್ರತಿಜನಕ' ಎಂದರು, ಆಮೇಲೆ 'ಆಸ್ಟ್ರೇಲಿಯಾ ಪ್ರತಿಜನಕ' ಎಂಬ ಹೆಸರು ನಿಂತಿತು. ಸಾಮಾನ್ಯ ರಕ್ತದಾನಿಗಳಲ್ಲಿ ಅದು ಸಾವಿರಕ್ಕೆ ಒಬ್ಬರಲ್ಲಿ ಕಂಡರೆ, ರಕ್ತದ ಕ್ಯಾನ್ಸರ್ ರೋಗಿಗಳಲ್ಲಿ ಹತ್ತಕ್ಕೆ ಒಬ್ಬರಲ್ಲಿ ಕಂಡಿತು. 1965ರಲ್ಲಿ ಈ ವಿಷಯ ಪ್ರಕಟಿಸಿದಾಗ, ಅದು ಕ್ಯಾನ್ಸರಿಗೇ ಸಂಬಂಧಿಸಿದ್ದಿರಬಹುದು ಎಂದು ಊಹಿಸಿದ್ದರು.

ಊಹೆ ತಪ್ಪಾಗಿತ್ತು. ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚ ಎಂಬುದು ಕೆಲವು ವರ್ಷಗಳಲ್ಲಿ ಸ್ಪಷ್ಟವಾಯಿತು. ಕ್ಯಾನ್ಸರ್ ರೋಗಿಗಳಿಗೆ ಪದೇಪದೇ ರಕ್ತ ಕೊಡುತ್ತಿದ್ದುದರಿಂದಲೇ ಅವರಲ್ಲಿ ಅದು ಹೆಚ್ಚಾಗಿ ಕಂಡಿದ್ದು. ಈ ಕಾಯಿಲೆಗೆ 1981ರಲ್ಲಿ ಅಮೆರಿಕದಲ್ಲಿ ಲಸಿಕೆಯೂ ಬಂತು. ಇಂದು ನಮ್ಮ ಹಸುಗೂಸುಗಳಿಗೆ ಹಾಕಿಸುವ ಹೆಪಟೈಟಿಸ್ ಬಿ ಲಸಿಕೆಯ ಬೇರು ಆ ಕೆಂಪು ಗೆರೆಯಲ್ಲಿದೆ. ಬ್ಲೂಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ದೊರೆಯಿತು. ಅಷ್ಟರಲ್ಲಿ ಆಲ್ಟರ್ ಆ ಸಂಶೋಧನೆಯಿಂದ ದೂರ ಸರಿದು, ಸಿಯಾಟಲ್‌ನಲ್ಲೂ ಜಾರ್ಜ್‌ಟೌನ್‌ನಲ್ಲೂ ವೈದ್ಯ ತರಬೇತಿ ಮುಗಿಸಿ, 1969ರಲ್ಲಿ ಎನ್.ಐ.ಎಚ್. ರಕ್ತನಿಧಿಗೆ ಮರಳಿ ಬಂದಿದ್ದರು. ಕೈಗೆ ಬಂದದ್ದು ಜಾರಿತು ಎಂದು ಬೇರೆಯವರಾದರೆ ಕೊರಗುತ್ತಾ ಕೂರುತ್ತಿದ್ದರೇನೋ. ಅವರು ಮುಂದಿನ ಪ್ರಶ್ನೆಗೆ ಕೈಹಾಕಿದರು.

ದುಡ್ಡಿನ ರಕ್ತ, ದಾನದ ರಕ್ತ

ಆ ಸಂಸ್ಥೆಯಲ್ಲಿ ಒಂದು ಅಧ್ಯಯನ ಅದಾಗಲೇ ನಡೆಯುತ್ತಿತ್ತು. ಹೃದಯದ ಶಸ್ತ್ರಚಿಕಿತ್ಸೆಗೆ ಬರುವ ರೋಗಿಗಳ ರಕ್ತದ ಮಾದರಿಯನ್ನು ಮೊದಲೇ ತೆಗೆದಿಡುವುದು. ಅವರಿಗೆ ಕೊಟ್ಟ ಪ್ರತಿಯೊಬ್ಬ ದಾನಿಯ ರಕ್ತದ ಮಾದರಿಯನ್ನೂ ತೆಗೆದಿಡುವುದು. ಆಪರೇಷನ್ ಆದ ಮೇಲೆ ತಿಂಗಳುಗಟ್ಟಲೆ ಆ ರೋಗಿಯನ್ನು ನಿಯಮಿತವಾಗಿ ಕರೆಸಿ, ಯಕೃತ್ತಿಗೆ ಪೆಟ್ಟಾಗಿದೆಯೇ ಎಂದು ರಕ್ತ ಪರೀಕ್ಷಿಸುವುದು. ಕಾಮಾಲೆ ಕಣ್ಣಿಗೆ ಕಂಡವರನ್ನಷ್ಟೇ ಎಣಿಸದೆ ಎಲ್ಲರನ್ನೂ ಹೀಗೆ ಹಿಂಬಾಲಿಸಿದಾಗ ಹೊರಬಿದ್ದ ಲೆಕ್ಕ ಗಾಬರಿ ಹುಟ್ಟಿಸುವಂತಿತ್ತು. ರಕ್ತ ಪಡೆದ ನೂರು ಜನರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿಗೆ ಹೆಪಟೈಟಿಸ್ ತಗಲಿತ್ತು.

ಇನ್ನೊಂದು ವಿಷಯವೂ ಅದರಲ್ಲಿ ಬಯಲಾಯಿತು. ಆಗ ಅಮೆರಿಕದಲ್ಲಿ ಹಣ ಕೊಟ್ಟು ರಕ್ತ ಕೊಳ್ಳುವ ಪದ್ಧತಿ ಬಳಕೆಯಲ್ಲಿತ್ತು. ಸ್ವಂತ ಇಚ್ಛೆಯಿಂದ ಕೊಟ್ಟವರ ರಕ್ತಕ್ಕಿಂತ ಹಣಕ್ಕಾಗಿ ಕೊಟ್ಟವರ ರಕ್ತ ಪಡೆದವರಲ್ಲೇ ರೋಗ ಬಹಳ ಹೆಚ್ಚು. ಹಣ ಪಡೆದವರೆಲ್ಲ ಕೆಟ್ಟವರೆಂದು ಇದರ ಅರ್ಥವಲ್ಲ. ರಕ್ತ ಮಾರಿ ಅಂದಿನ ಊಟ ದುಡಿಯಬೇಕಾದವನು, "ನಿನಗೆ ಹಿಂದೆ ಕಾಮಾಲೆ ಆಗಿತ್ತೇ?" ಎಂದು ಕೇಳಿದರೆ ಹೌದೆಂದು ಹೇಗೆ ಹೇಳಿಯಾನು? ಸುಳ್ಳು ಹೇಳಿಸುತ್ತಿದ್ದುದು ಆ ವ್ಯವಸ್ಥೆ.

1970ರಲ್ಲಿ ಎನ್.ಐ.ಎಚ್. ರಕ್ತನಿಧಿ ಹಣದ ದಾನಿಗಳನ್ನು ಪೂರ್ತಿಯಾಗಿ ಕೈಬಿಟ್ಟಿತು, ಜೊತೆಗೆ ಹೆಪಟೈಟಿಸ್ ಬಿ ಪರೀಕ್ಷೆಯನ್ನೂ ಆರಂಭಿಸಿತು. ಆಲ್ಟರ್ ಮತ್ತವರ ಸಂಗಡಿಗರು ಮತ್ತೆ ಲೆಕ್ಕ ತೆಗೆದರು. ನೂರಕ್ಕೆ ಮೂವತ್ತಮೂರರಷ್ಟಿದ್ದ ರೋಗ ಸುಮಾರು ಹತ್ತಕ್ಕೆ ಇಳಿದಿತ್ತು. ಇದರಲ್ಲಿ ಹೆಚ್ಚಿನ ಪಾಲು ಹೊಸ ಪರೀಕ್ಷೆಯದಲ್ಲ, ದಾನಿಗಳನ್ನು ಬದಲಿಸಿದ್ದರದು. ಯಾವ ಹೊಸ ಔಷಧವೂ ಇಲ್ಲದೆ, ವ್ಯವಸ್ಥೆಯನ್ನು ತಿದ್ದಿದ್ದರಿಂದಲೇ ಇಷ್ಟು ಜನ ಉಳಿದರು. ರಕ್ತದ ಚೀಲದ ಮೇಲೆ ಅದು ಹಣ ಕೊಟ್ಟು ಪಡೆದದ್ದೋ ದಾನವಾಗಿ ಬಂದದ್ದೋ ಎಂದು ನಮೂದಿಸುವುದು 1978ರಿಂದ ಅಮೆರಿಕದಲ್ಲಿ ಕಡ್ಡಾಯವಾಯಿತು.

ಹೆಸರಿಲ್ಲದ ರೋಗ

ಉಳಿದ ಆ ಹತ್ತು ಜನರ ಕಥೆಯೇನು? ಅವರಲ್ಲಿ ಹೆಚ್ಚಿನವರ ರಕ್ತದಲ್ಲಿ ಬಿ ವೈರಸ್ ಇರಲಿಲ್ಲ. 1973ರಲ್ಲಿ ಅದೇ ಸಂಸ್ಥೆಯ ವಿಜ್ಞಾನಿಗಳು ಹೆಪಟೈಟಿಸ್ ಎ ವೈರಸ್ಸನ್ನು ಪತ್ತೆ ಮಾಡಿದರು. ಸರಿ, ಇವರಿಗೆ ಬಂದಿರುವುದು ಎ ಇರಬೇಕು ಎಂದುಕೊಂಡು ತೆಗೆದಿಟ್ಟ ಮಾದರಿಗಳನ್ನು ಪರೀಕ್ಷಿಸಿದರೆ, ಒಬ್ಬರದ್ದೂ ಎ ಅಲ್ಲ! 1975ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ರೋಗಕಾರಕ ಒಂದೇ ಹಲವೇ, ಅದು ವೈರಸ್ಸೇ ಅಲ್ಲವೇ ಎಂಬುದಕ್ಕೆ ಆಧಾರ ಇಲ್ಲದಿದ್ದುದರಿಂದ ಅದನ್ನು 'ಸಿ' ಎಂದು ಕರೆಯಲು ಅವರು ಒಪ್ಪಲಿಲ್ಲ. 'ಎ ಅಲ್ಲದ, ಬಿ ಅಲ್ಲದ ಹೆಪಟೈಟಿಸ್' ಎಂದೇ ಕರೆದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೆಸರಿನಲ್ಲೇ ಒಪ್ಪಿಕೊಂಡ ಆ ಪ್ರಾಮಾಣಿಕತೆಯನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು.

ಇನ್ನು ಸ್ವಲ್ಪ ದಿನದಲ್ಲಿ ಸಿಕ್ಕಿಬಿಡುತ್ತದೆ ಎಂಬ ನಂಬಿಕೆ ಅವರಿಗಿತ್ತು. ಹಿಡಿದದ್ದು ಸುಮಾರು ಹದಿನಾಲ್ಕು ವರ್ಷ.

ಆ ವರ್ಷಗಳಲ್ಲಿ ಅವರೇನು ಮಾಡಿದರು? ಸಿಗದ ವೈರಸ್ಸಿನ ಬಗ್ಗೆ ಹಾಸ್ಯದ ಪದ್ಯ ಬರೆದು ಸಮ್ಮೇಳನಗಳಲ್ಲಿ ಓದಿ ನಗಿಸಿದರು. ಅದರ ಜೊತೆಗೆ, ಆ ಶತ್ರುವಿನ ಮುಖ ಕಾಣದಿದ್ದರೂ ಅದರ ನಡವಳಿಕೆಯನ್ನೆಲ್ಲ ತಿಳಿದುಕೊಂಡರು. ರೋಗಿಗಳ ಸೀರಮ್ಮನ್ನು ಚಿಂಪಾಂಜಿಗಳಿಗೆ ಕೊಟ್ಟರೆ ಅವಕ್ಕೂ ರೋಗ ತಗಲುತ್ತದೆ ಎಂದು 1978ರಲ್ಲಿ ತೋರಿಸಿದರು. ಅಂದರೆ ಇದು ಸೋಂಕೇ ಹೊರತು ಔಷಧದ ಅಡ್ಡಪರಿಣಾಮವಲ್ಲ. ಕ್ಲೋರೋಫಾರ್ಮ್ ಬೆರೆಸಿದರೆ ಸೋಂಕು ಸಾಯುತ್ತದೆ, ಆದ್ದರಿಂದ ಅದಕ್ಕೆ ಕೊಬ್ಬಿನ ಹೊದಿಕೆಯಿದೆ. ಅತಿ ಸೂಕ್ಷ್ಮ ರಂಧ್ರಗಳ ಜರಡಿಯನ್ನೂ ದಾಟುತ್ತದೆ, ಆದ್ದರಿಂದ ಅದು ಬಲು ಚಿಕ್ಕದು. ಕುರುಡರು ಆನೆಯನ್ನು ಮುಟ್ಟಿ ನೋಡಿದ ಕಥೆ ನಮಗೆಲ್ಲ ಗೊತ್ತು. ಈ ಸಂಶೋಧಕರು ಮುಟ್ಟಿ ನೋಡಿದ್ದನ್ನು ಜಗಳವಾಡದೆ ಒಂದಕ್ಕೊಂದು ಜೋಡಿಸಿದರು.

ಎಲ್ಲಕ್ಕಿಂತ ಮುಖ್ಯವಾಗಿ, ಈ ರೋಗ ಎಷ್ಟು ಗಂಭೀರ ಎಂಬ ಪ್ರಶ್ನೆಗೆ ಉತ್ತರ ಹುಡುಕಿದರು. ರಕ್ತ ಪರೀಕ್ಷೆಯಲ್ಲಿ ಒಂದು ಅಂಕಿ ಏರಿರುತ್ತದೆ, ರೋಗಿಗೆ ಏನೂ ಅನಿಸುವುದಿಲ್ಲ, ಹೀಗಿರುವಾಗ ತಲೆಕೆಡಿಸಿಕೊಳ್ಳುವುದೇಕೆ ಎಂಬ ಅಭಿಪ್ರಾಯ ಅನೇಕ ವೈದ್ಯರಲ್ಲಿತ್ತು. ಆದರೆ ರೋಗಿಗಳ ಯಕೃತ್ತಿನ ಚೂರು ತೆಗೆದು ವರ್ಷಗಟ್ಟಲೆ ಹಿಂಬಾಲಿಸಿದಾಗ, ಅವರಲ್ಲಿ ಹಲವರ ಯಕೃತ್ತು ಸದ್ದಿಲ್ಲದೆ ಗಟ್ಟಿಯಾಗುತ್ತಾ, ಸಿರೋಸಿಸ್ ಕಡೆಗೆ ಸಾಗುತ್ತಿರುವುದು ಕಂಡಿತು. ಮನೆಯ ತೊಲೆಯನ್ನು ಗೆದ್ದಲು ಒಳಗಿನಿಂದ ತಿನ್ನುವ ಹಾಗೆ. ಮೇಲೆ ಬಣ್ಣ ಹಾಗೇ ಇರುತ್ತದೆ, ಒಂದು ದಿನ ತೊಲೆ ಕುಸಿಯುತ್ತದೆ.

ವೈರಸ್ ಸಿಗುವವರೆಗೆ ಕೈಕಟ್ಟಿ ಕೂರಲೂ ಆಗದು. ದಾನಿಯ ರಕ್ತದಲ್ಲಿ ಎ.ಎಲ್.ಟಿ. ಎಂಬ ಯಕೃತ್ತಿನ ಕಿಣ್ವ ಹೆಚ್ಚಾಗಿದ್ದರೆ ಆ ರಕ್ತವನ್ನು ಬಿಟ್ಟುಬಿಡಿ, ಸುಮಾರು ಮೂರನೇ ಒಂದು ಭಾಗದಷ್ಟು ರೋಗವನ್ನಾದರೂ ತಪ್ಪಿಸಬಹುದು ಎಂದು ಆಲ್ಟರ್ ತಂಡ 1981ರಲ್ಲಿ ಅಂದಾಜು ಮಾಡಿತು. ಅದು ಅಮೆರಿಕದ ರಕ್ತನಿಧಿಗಳಲ್ಲಿ ಬಳಕೆಗೆ ಬರಲು ಇನ್ನೂ ಐದಾರು ವರ್ಷ ಬೇಕಾಯಿತು.

ಫ್ರೀಜರಿನಲ್ಲಿ ಕಾದ ಉತ್ತರ

ಈ ಅವಧಿಯುದ್ದಕ್ಕೂ ಆಲ್ಟರ್ ಬಿಡದೆ ಮಾಡಿದ ಕೆಲಸ ಇನ್ನೊಂದಿದೆ. ಪ್ರತಿಯೊಬ್ಬ ರೋಗಿಯ, ಪ್ರತಿಯೊಬ್ಬ ದಾನಿಯ ಸೀರಮ್ಮನ್ನು ಹೆಸರು, ದಿನಾಂಕ, ಪರೀಕ್ಷೆಯ ಫಲಿತಾಂಶಗಳ ಸಮೇತ ಫ್ರೀಜರಿನಲ್ಲಿ ಜೋಪಾನ ಮಾಡಿದ್ದು. ಇದರಿಂದ ಅಂದಿಗೆ ಲಾಭವೇನೂ ಇರಲಿಲ್ಲ. ಉಪ್ಪಿನಕಾಯಿ ಭರಣಿಗೆ ದಿನಾಂಕ ಬರೆದು ಅಟ್ಟದ ಮೇಲಿಡುವ ಅಜ್ಜಿಯ ಶಿಸ್ತು ಅದು. ಬೇಕಾದ ದಿನ ಬರುತ್ತದೆ ಎಂಬ ನಂಬಿಕೆ.

ಆ ಸಂಗ್ರಹದಿಂದ ಅವರೊಂದು ಪರೀಕ್ಷಾಪತ್ರಿಕೆಯನ್ನೇ ತಯಾರಿಸಿದರು. ರೋಗ ಹರಡಿಸುವುದು ಖಚಿತವಾಗಿದ್ದ ಕೆಲವು ಸೀರಮ್, ಹರಡಿಸುವುದಿಲ್ಲ ಎಂಬುದು ಖಚಿತವಾಗಿದ್ದ ಕೆಲವು ಸೀರಮ್, ಎಲ್ಲಕ್ಕೂ ಬರೀ ಗುಪ್ತಸಂಖ್ಯೆ. "ನಾವು ಆ ವೈರಸ್ಸಿಗೆ ಪರೀಕ್ಷೆ ಕಂಡುಹಿಡಿದಿದ್ದೇವೆ" ಎಂದು ಬಂದವರಿಗೆಲ್ಲ ಇವನ್ನು ಕಳಿಸುವುದು. ಯಾವುದು ರೋಗದ್ದು, ಯಾವುದು ಅಲ್ಲ ಎಂದು ಅವರೇ ಹೇಳಬೇಕು. ಒಬ್ಬರಾದ ಮೇಲೊಬ್ಬರು ಬಂದರು, ಎಲ್ಲರೂ ನಪಾಸಾದರು.

ಇತ್ತ ಕ್ಯಾಲಿಫೋರ್ನಿಯಾದ ಖೈರಾನ್ ಎಂಬ ಕಂಪನಿಯಲ್ಲಿ ಬ್ರಿಟಿಷ್ ವಿಜ್ಞಾನಿ ಮೈಕೆಲ್ ಹಾಟನ್, ಅವರೊಡನೆ ಕ್ವಿ ಲಿಮ್ ಚೂ ಮತ್ತು ಜಾರ್ಜ್ ಕುವೊ ಬೇರೆಯೇ ದಾರಿ ಹಿಡಿದಿದ್ದರು. ಸರ್ಕಾರಿ ವಿಜ್ಞಾನಿ ಡೇನಿಯಲ್ ಬ್ರ್ಯಾಡ್ಲಿ ಅವರಿಗೆ ಸೋಂಕಿತ ಚಿಂಪಾಂಜಿಯ ರಕ್ತದ್ರವ ಒದಗಿಸುತ್ತಿದ್ದರು. ಅದರಲ್ಲಿದ್ದ ವಂಶವಾಹಿ ಪದಾರ್ಥವನ್ನೆಲ್ಲ ಚೂರುಚೂರು ಮಾಡಿ ಬ್ಯಾಕ್ಟೀರಿಯಾಗಳೊಳಗೆ ಸೇರಿಸಿದರು. ಒಂದೊಂದು ಚೂರೂ ತನ್ನ ಪ್ರೋಟೀನನ್ನು ಅಲ್ಲಿ ತಯಾರಿಸುತ್ತದೆ. ರೋಗಿಯ ಸೀರಮ್ಮಿನಲ್ಲಿರುವ ಪ್ರತಿಕಾಯ ಅವುಗಳಲ್ಲಿ ಯಾವುದನ್ನಾದರೂ ಗುರುತಿಸುತ್ತದೆಯೇ ಎಂದು ಲಕ್ಷಾಂತರ ಚೂರುಗಳನ್ನು ಜಾಲಾಡಿದರು. ವರ್ಷಗಳ ನಂತರ ಒಂದೇ ಒಂದು ಚೂರು ಸಿಕ್ಕಿತು. ಅದರ ಎಳೆ ಹಿಡಿದು ಎಳೆದಾಗ ಇಡೀ ವೈರಸ್ಸಿನ ಪರಿಚಯವಾಯಿತು. 1989ರಲ್ಲಿ ಅದಕ್ಕೆ ಹೆಪಟೈಟಿಸ್ ಸಿ ವೈರಸ್ ಎಂದು ನಾಮಕರಣವಾಯಿತು.

ಅವರು ತಮ್ಮ ಪರೀಕ್ಷೆಯನ್ನು ಆಲ್ಟರ್ ಅವರ ಗುಪ್ತಸಂಖ್ಯೆಯ ಸೀಸೆಗಳ ಮೇಲೆ ಪ್ರಯೋಗಿಸಿದರು. ಈ ಬಾರಿ ಉತ್ತರಗಳು ತಾಳೆಯಾದವು. ಮುಂದೆ ಆಲ್ಟರ್ ತಮ್ಮ ಫ್ರೀಜರುಗಳನ್ನು ತೆರೆದು, ಹತ್ತು ಹದಿನೈದು ವರ್ಷಗಳಿಂದ ಕಾದಿದ್ದ ಮಾದರಿಗಳನ್ನು ಹೊರತೆಗೆದರು. 'ಎ ಅಲ್ಲದ, ಬಿ ಅಲ್ಲದ' ಎಂದು ಚೀಟಿ ಹಚ್ಚಿದ್ದ ರೋಗಿಗಳಲ್ಲಿ ಬಹುಪಾಲು ಮಂದಿಗೆ ಬಂದಿದ್ದುದು ಇದೇ ಸಿ. 1990ರಲ್ಲಿ ಅಮೆರಿಕದ ರಕ್ತನಿಧಿಗಳಲ್ಲಿ ಈ ಪರೀಕ್ಷೆ ಜಾರಿಗೆ ಬಂತು, 1992ರಲ್ಲಿ ಇನ್ನೂ ಸೂಕ್ಷ್ಮವಾದ ಪರೀಕ್ಷೆ ಬಂತು. 1997ರ ಹೊತ್ತಿಗೆ ಆಲ್ಟರ್ ಹಿಂಬಾಲಿಸುತ್ತಿದ್ದ ರೋಗಿಗಳಲ್ಲಿ ರಕ್ತದಿಂದ ಬರುವ ಹೆಪಟೈಟಿಸ್ ಹೆಚ್ಚುಕಡಿಮೆ ಸೊನ್ನೆಗೆ ಇಳಿದಿತ್ತು. ನೂರಕ್ಕೆ ಮೂವತ್ತರಿಂದ ಸೊನ್ನೆಗೆ, ಒಬ್ಬರ ವೃತ್ತಿಜೀವನದ ಅವಧಿಯಲ್ಲಿ!

ಈ ಒಂದೇ ವೈರಸ್ಸಿನಿಂದ ರೋಗ ಬರುತ್ತದೆ ಎಂಬುದನ್ನು ಚಾರ್ಲ್ಸ್ ರೈಸ್ 1997ರಲ್ಲಿ ನಿಸ್ಸಂದೇಹವಾಗಿ ತೋರಿಸಿದರು. 2020ರ ಅಕ್ಟೋಬರ್ 5ರಂದು ಆಲ್ಟರ್, ಹಾಟನ್, ರೈಸ್ ಮೂವರಿಗೆ ನೊಬೆಲ್ ಘೋಷಣೆಯಾಯಿತು. ಆಲ್ಟರ್‌ಗೆ ಆಗ 85 ವರ್ಷ. ಬೆಳಗಿನ ಜಾವ ಫೋನು ಬಾರಿಸಿದಾಗ ಎರಡು ಸಲ ಅವರು ಏಳಲೇ ಇಲ್ಲ. ಮೂರನೆಯ ಸಲ ಸಿಟ್ಟಿನಿಂದ ಎದ್ದು ತೆಗೆದರೆ, ಆ ಕಡೆ ಸ್ಟಾಕ್‌ಹೋಮ್! ಇಲ್ಲೊಂದು ಮಾತು ಹೇಳಲೇಬೇಕು. ನೊಬೆಲ್ ಪ್ರಶಸ್ತಿಯನ್ನು ಮೂವರಿಗಿಂತ ಹೆಚ್ಚು ಜನರಿಗೆ ಹಂಚುವಂತಿಲ್ಲ. ಚೂ, ಕುವೊ, ಬ್ರ್ಯಾಡ್ಲಿ ಇವರ ಹೆಸರು ಆ ಪಟ್ಟಿಯಲ್ಲಿಲ್ಲ. 2013ರಲ್ಲಿ ಕೆನಡಾದ ಪ್ರತಿಷ್ಠಿತ ಗೇರ್ಡ್‌ನರ್ ಪ್ರಶಸ್ತಿ ಬಂದಾಗ, ಚೂ ಮತ್ತು ಕುವೊ ಅವರನ್ನು ಬಿಟ್ಟು ತಾನೊಬ್ಬನೇ ಪಡೆಯಲಾರೆ ಎಂದು ಹಾಟನ್ ಅದನ್ನು ನಿರಾಕರಿಸಿದ್ದರು. ವಿಜ್ಞಾನದಲ್ಲಿ ತೇರು ಎಳೆಯುವವರು ನೂರು ಮಂದಿ, ಹಾರ ಬೀಳುವುದು ಕೆಲವರ ಕೊರಳಿಗೆ.

ನಮ್ಮ ಮಾತು

ನಮ್ಮ ದೇಶದಲ್ಲೂ ರಕ್ತ ಮಾರುವವರು ಆಸ್ಪತ್ರೆಗಳ ಸುತ್ತ ಕಾದು ನಿಲ್ಲುತ್ತಿದ್ದ ಕಾಲವಿತ್ತು. 1996ರಲ್ಲಿ ಸುಪ್ರೀಂ ಕೋರ್ಟ್ ಇದರ ವಿರುದ್ಧ ಆದೇಶ ನೀಡಿತು, 1998ರ ಜನವರಿ 1ರಿಂದ ಹಣಕ್ಕೆ ರಕ್ತ ಪಡೆಯುವುದು ನಿಷಿದ್ಧವಾಯಿತು. ಹೆಪಟೈಟಿಸ್ ಸಿ ಪರೀಕ್ಷೆ ಇಲ್ಲಿ ಕಡ್ಡಾಯವಾದದ್ದು 2001ರಲ್ಲಿ. ಅಮೆರಿಕಕ್ಕೂ ನಮಗೂ ನಡುವೆ ಹತ್ತು ವರ್ಷಗಳ ಅಂತರ. ಥಲಸ್ಸೀಮಿಯಾ ಇರುವ ಮಕ್ಕಳಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಏರಿಸಲೇಬೇಕು. ಪರೀಕ್ಷೆ ಇಲ್ಲದ ಆ ವರ್ಷಗಳಲ್ಲಿ ಅಂಥ ಎಷ್ಟೋ ಮಕ್ಕಳಿಗೆ ಬದುಕಿಸುವ ರಕ್ತದ ಜೊತೆಗೇ ಈ ಸೋಂಕೂ ಸೇರಿತು. ವಿಜ್ಞಾನ ಒಂದು ಕಡೆ ಮುಗಿಸಿದ ಕೆಲಸ ಇನ್ನೊಂದು ಕಡೆ ತಲುಪುವುದು ತಡವಾದರೆ ಅದರ ಬೆಲೆ ತೆರುವವರು ಮಕ್ಕಳು.

ಸಮಾಧಾನದ ಸಂಗತಿಯೆಂದರೆ, ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲದಿದ್ದರೂ ಈಗ ಮದ್ದಿದೆ. 2013ರ ಕೊನೆಯಿಂದೀಚೆಗೆ ಬಂದ ಗುಳಿಗೆಗಳನ್ನು ಎರಡು ಮೂರು ತಿಂಗಳು ನುಂಗಿದರೆ ನೂರಕ್ಕೆ ತೊಂಬತ್ತೈದರಷ್ಟು ಜನ ಪೂರ್ತಿ ಗುಣವಾಗುತ್ತಾರೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಔಷಧ ಉಚಿತವಾಗಿ ದೊರೆಯುತ್ತದೆ. ಪರೀಕ್ಷೆಯಿಲ್ಲದ ಕಾಲದಲ್ಲಿ ರಕ್ತ ಪಡೆದಿದ್ದವರು ಮನೆಯಲ್ಲಿದ್ದರೆ ಒಮ್ಮೆ ತಪಾಸಣೆ ಮಾಡಿಸುವುದು ಒಳ್ಳೆಯದು. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಿದರೂ ಈ ರೋಗ ಹರಡುತ್ತದೆ ಎಂಬುದನ್ನು ಮರೆಯಬಾರದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಈ ಕ್ಷೇತ್ರಕ್ಕೆ ಬರುವುದು ಹೇಗೆ? ಎಂ.ಬಿ.ಬಿ.ಎಸ್. ಆದ ಮೇಲೆ ಇಮ್ಯುನೊಹೆಮಟಾಲಜಿ ಮತ್ತು ರಕ್ತಪೂರಣ ಎಂಬ ವಿಷಯದಲ್ಲೇ ಎಂ.ಡಿ. ಇದೆ. ಪೆಥಾಲಜಿ ಓದಿಯೂ ಬರಬಹುದು. ವೈದ್ಯಕೀಯ ಸೀಟು ಸಿಗಲಿಲ್ಲವೆಂದು ಬಾಗಿಲು ಮುಚ್ಚಿತು ಎಂದುಕೊಳ್ಳಬೇಡಿ. ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನ, ಸೂಕ್ಷ್ಮಜೀವಿ ವಿಜ್ಞಾನ, ಜೀವರಸಾಯನ ವಿಜ್ಞಾನ, ಜೈವಿಕ ತಂತ್ರಜ್ಞಾನ ಓದಿದವರಿಗೂ ಇಲ್ಲಿ ಕೆಲಸವಿದೆ, ಸಂಶೋಧನೆಗೆ ಅವಕಾಶವಿದೆ. ಹಾಟನ್ ವೈದ್ಯರಲ್ಲ ಎಂಬುದು ನೆನಪಿರಲಿ. ಮುಂಬಯಿಯಲ್ಲಿ 1957ರಲ್ಲಿ ರಕ್ತದ ಗುಂಪುಗಳ ಕೇಂದ್ರವಾಗಿ ಆರಂಭವಾದ ಸಂಸ್ಥೆ ಇಂದು ಇಮ್ಯುನೊಹೆಮಟಾಲಜಿಯ ರಾಷ್ಟ್ರೀಯ ಸಂಸ್ಥೆಯಾಗಿದೆ. ಅದೇ ನಗರದಲ್ಲಿ ವೈ. ಎಂ. ಭೇಂಡೆ ಮತ್ತು ಸಂಗಡಿಗರು 1952ರಲ್ಲಿ ವಿವರಿಸಿದ ಅಪರೂಪದ 'ಬಾಂಬೆ' ಗುಂಪು ಪ್ರಪಂಚದ ಪಠ್ಯಪುಸ್ತಕಗಳಲ್ಲಿದೆ.

ಇದರಲ್ಲಿ ಸರ್ಜನ್‌ಗೆ ಸಿಗುವ ಸಂಪಾದನೆ ಇಲ್ಲ, ನಿಜ. ಆಲ್ಟರ್ ವೃತ್ತಿಜೀವನದ ಬಹುಭಾಗ ಸರ್ಕಾರಿ ಸಂಬಳಗಾರರೇ. ರೋಗಿ ಇವರ ಮುಖ ನೋಡುವುದಿಲ್ಲ, ಕೈಮುಗಿಯುವುದಿಲ್ಲ. ಬಾರದ ರೋಗಕ್ಕೆ ಯಾರು ತಾನೇ ಕೃತಜ್ಞತೆ ಹೇಳುತ್ತಾರೆ? ಆದರೆ ಒಂದು ಪ್ರಶ್ನೆಯನ್ನು ಹಿಡಿದು ಕೂರುವ ತಾಳ್ಮೆ, ಬರೆದಿಡುವ ಶಿಸ್ತು, ಗೊತ್ತಿಲ್ಲ ಎನ್ನುವ ಧೈರ್ಯ ನಿಮ್ಮ ಮಗುವಿನಲ್ಲಿದ್ದರೆ ಅದನ್ನು ಚಿವುಟಬೇಡಿ. ಯಾವ ಗುರಿ ಎಂದು ಮೊದಲೇ ಹಾಕಿಕೊಳ್ಳದ ಸಂಶೋಧನೆಯೇ ತನ್ನನ್ನು ಇಲ್ಲಿಗೆ ತಂದಿತು ಎಂಬರ್ಥದ ಮಾತನ್ನು ಆಲ್ಟರ್ ಹೇಳಿದ್ದಾರೆ. ಜ್ವರ ಏಕೆ ಬರುತ್ತದೆ ಎಂದು ಹುಡುಕಹೊರಟವರಿಗೆ ಸಿಕ್ಕಿದ್ದು ಕಾಮಾಲೆಯ ಮೂಲ.

ಸಂಶೋಧಕರಾಗುವುದು ಎಲ್ಲರಿಗೂ ಸಾಧ್ಯವಾಗದಿರಬಹುದು. ಆದರೆ ಈ ಕಥೆಯಲ್ಲಿ ಸ್ವಂತ ಇಚ್ಛೆಯ ದಾನಿಗೂ ವಿಜ್ಞಾನಿಯಷ್ಟೇ ದೊಡ್ಡ ಪಾತ್ರವಿದೆಯಲ್ಲವೇ? ಹದಿನೆಂಟು ತುಂಬಿದ, 45 ಕಿಲೋಗಿಂತ ಕಡಿಮೆಯಿಲ್ಲದ, ಆರೋಗ್ಯವಂತ ಹುಡುಗ ಹುಡುಗಿಯರು ರಕ್ತ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಕೊಡುವ ಮುನ್ನ ಅಲ್ಲಿ ಕೇಳುವ ಪ್ರಶ್ನೆಗಳಿಗೆ ಸಂಕೋಚಪಡದೆ ನಿಜ ಹೇಳಿ. ಸೋಂಕು ತಗಲಿದ ಮೊದಲ ಕೆಲವು ದಿನಗಳಲ್ಲಿ ಎಂಥ ಪರೀಕ್ಷೆಯ ಕಣ್ಣನ್ನೂ ಅದು ತಪ್ಪಿಸಿಕೊಳ್ಳಬಹುದು. ಆಗ ಪಡೆಯುವವರನ್ನು ಕಾಯುವುದು ಕೊಡುವವರ ಸತ್ಯವೊಂದೇ.

ಮುಂದಿನ ಸಲ ಆಸ್ಪತ್ರೆಯಲ್ಲಿ ಕೊಕ್ಕೆಗೆ ತೂಗಿದ ಆ ಚೀಲ ಕಂಡರೆ ಮಕ್ಕಳಿಗೆ ಅದರ ಚೀಟಿಯನ್ನು ತೋರಿಸಿ, ಓದಿಸಿ.